ಹೆಸರಿಗಿಂತ ಮೊದಲಿನ ಎರಡಕ್ಷರ

ಹಳೆಯ ಪತ್ರವೊಂದು ಕೈಗೆ ಬಂದರೆ ಎಲ್ಲರ ಕಣ್ಣೂ ಮೊದಲು ಹೆಸರನ್ನು ಹುಡುಕುತ್ತದೆ. ನಾನು ಹೆಸರನ್ನು ಕೊನೆಗೆ ಓದುತ್ತೇನೆ. ಅದು ಪತ್ರದಲ್ಲಿ ಒಮ್ಮೆಯೋ ಎರಡು ಸಲವೋ ಬರುವಂಥದ್ದು, ಅಷ್ಟರಲ್ಲಿ ಬರೆದವರ ಕೈ ಪರಿಚಯವಾಗುವುದಿಲ್ಲ. ಪರಿಚಯಕ್ಕೆ ಒಕ್ಕಣೆಯೇ ಸರಿ. ‘ಉಭಯಕುಶಲೋಪರಿ’, ‘ಸಾಷ್ಟಾಂಗ ನಮಸ್ಕಾರಗಳು’ ಎಂಬ ಮಾತುಗಳು ಅಲ್ಲಿರುತ್ತವೆಂದು ನಮಗೆ ಮೊದಲೇ ಗೊತ್ತು. ಆ ಕೈ ‘ಷ’ವನ್ನು ಹೇಗೆ ಸೀಳುತ್ತದೆ, ಒತ್ತಕ್ಷರವನ್ನು ಎಲ್ಲಿ ಇಳಿಸುತ್ತದೆ ಎಂದು ಈ ಸಾಲುಗಳಿಂದಲೇ ಕಲಿತು ಆಮೇಲೆ ಗೊತ್ತಿಲ್ಲದ ಸಾಲಿಗೆ ಹೋಗಬೇಕು.

ಹಳಬರು ಪದಗಳ ನಡುವೆ ಜಾಗ ಬಿಡದೆ ಬರೆದುಕೊಂಡು ಹೋಗುತ್ತಿದ್ದರು. ದೀರ್ಘ ಎಷ್ಟೋ ಕಡೆ ಇರುವುದಿಲ್ಲ, ಮಹಾಪ್ರಾಣದ ಸೀಳೂ ಇರುವುದಿಲ್ಲ. ೬ ಮತ್ತು ೯ ಅವಸರದ ಕೈಯಲ್ಲಿ ಅವಳಿಗಳಾಗುತ್ತವೆ. ಅನುಸ್ವಾರವೂ ಅಂಕಿಯ ಸೊನ್ನೆಯೂ ಒಂದೇ ಗುಂಡು. ಆದ್ದರಿಂದ ಕಂಡದ್ದನ್ನು ಕಂಡಂತೆ ಒಮ್ಮೆ ನಕಲು ಮಾಡಿಕೊಳ್ಳಿ. ತಿದ್ದುವ ಆಸೆ ಆಮೇಲೆ.

ಹಳೇ ಮೈಸೂರು ಕಡೆಯ ಕ್ರಯಪತ್ರಗಳಲ್ಲಿ ‘ಬಿನ್’ ಎಂದರೆ ಇಂಥವರ ಮಗ, ‘ಕೋಂ’ ಎಂದರೆ ಇಂಥವರ ಹೆಂಡತಿ. ವಂಶವೃಕ್ಷದ ಅರ್ಧ ಭಾಗ ಈ ಎರಡು ಪುಟ್ಟ ಮಾತುಗಳ ಮೇಲೇ ನಿಂತಿರುತ್ತದೆ. ಮನೆಯ ಪತ್ರಗಳಲ್ಲಿ ಆ ಕೆಲಸವನ್ನು ಹೆಸರಿಗಿಂತ ಮೊದಲು ಬರುವ ಚಿ||, ತೀ||, ಸೌ|| ಮಾಡುತ್ತವೆ. ‘ತೀರ್ಥರೂಪ’ ಎಂದರೆ ತಂದೆ. ‘ತೀರ್ಥರೂಪ ಸಮಾನ’ರಾದರೆ ದೊಡ್ಡಪ್ಪನೋ ಮಾವನೋ ಇರಬೇಕು. ನಮ್ಮ ಮನೆಯ ಒಂದು ಪತ್ರದಲ್ಲಿ ಆ ‘ಸಮಾನ’ ಇದ್ದ ಜಾಗಕ್ಕೇ ತಂತಿಯ ತೂತು ಬಿದ್ದಿತ್ತು. ಎರಡು ವರ್ಷ ನಾನು ದೊಡ್ಡಪ್ಪನನ್ನು ಅಪ್ಪನ ಜಾಗದಲ್ಲಿ ಕೂರಿಸಿದ್ದೆ.

ಆ ತಂತಿಯ ಬಗ್ಗೆ ಒಂದು ಮಾತು. ಬಂದ ಕಾಗದಗಳನ್ನು ಬಾಗಿಸಿದ ತಂತಿಗೆ ಚುಚ್ಚಿ ಗೋಡೆಗೆ ತೂಗುಹಾಕುವುದು ಹಿಂದಿನ ರೂಢಿ. ಬಿಚ್ಚುವ ಮೊದಲು ಪ್ರತಿಯೊಂದಕ್ಕೂ ಪೆನ್ಸಿಲಿನಲ್ಲಿ ಸಣ್ಣದಾಗಿ ಅಂಕಿ ಹಾಕಿ. ಯಾವುದರ ಮೇಲೆ ಯಾವುದು ಕೂತಿತ್ತು ಎಂಬುದೂ ಓದಬೇಕಾದ ಬರಹವೇ.

ನಮ್ಮ ಧಾರವಾಡ ಕಡೆಯ ದೊಡ್ಡಜ್ಜಿಯೊಬ್ಬರ ತಂತಿಯಲ್ಲಿ ಒಂದೇ ಕೈ ಬರೆದ ಎರಡು ಕಾರ್ಡುಗಳಿದ್ದವು. ಒಂದಕ್ಕೆ ‘ಧಾತು ಸಂ|| ಆಷಾಢ ಬ|| ೩’ ಎಂಬ ತೇದಿ, ಅದರ ಮೇಲಿನದಕ್ಕೆ ಈಶ್ವರ ಸಂವತ್ಸರದ ಶ್ರಾವಣ. ಶಕವರ್ಷವಿಲ್ಲ, ಅಂಚೆಯ ಮುದ್ರೆ ಮಸಿಯ ಮಚ್ಚೆಯಾಗಿತ್ತು. ಸಂವತ್ಸರಗಳು 60 ವರ್ಷಕ್ಕೊಮ್ಮೆ ಮರಳುತ್ತವೆ. ಧಾತು, ಈಶ್ವರ ಎಂದೊಡನೆ ಹಿರಿಯರಿಗೆ ನೆನಪಾಗುವುದು 1876–78ರ ಭೀಕರ ಬರಗಾಲ. ನನ್ನ ಮನಸ್ಸೂ ಅತ್ತಲೇ ಓಡಿತು. ಆದರೆ ನಮ್ಮ ದೇಶದಲ್ಲಿ ಅಂಚೆ ಕಾರ್ಡು ಶುರುವಾದದ್ದೇ 1879ರಲ್ಲಿ. ಹಾಗಾಗಿ ಮೊದಲ ಕಾರ್ಡು 1936ರದ್ದು, ಎರಡನೆಯದು 1937ರದ್ದು.

ಎರಡರಲ್ಲೂ ಬರೆದದ್ದು ಹೆಚ್ಚೇನಿಲ್ಲ. ಮಳೆ, ಜೋಳ, ಯಾರದೋ ಬಾಣಂತನ. ವಿಳಾಸದ ಬದಿಯನ್ನು ಮೂರನೆಯ ಸಲ ಓದುವಾಗ ಕಂಡಿತು: ಧಾತುವಿನಲ್ಲಿ ದೊಡ್ಡಜ್ಜಿ ‘ಸೌ||’, ಈಶ್ವರದಲ್ಲಿ ‘ಗಂ|| ಭಾ||’. ಸೌಭಾಗ್ಯವತಿ ಗಂಗಾಭಾಗೀರಥಿಯಾಗಿದ್ದರು. ನಡುವಿನ ಹದಿಮೂರು ತಿಂಗಳಲ್ಲಿ ದೊಡ್ಡಜ್ಜ ತೀರಿಕೊಂಡಿದ್ದಾರೆ. ಅವರು ಹೋದ ವರ್ಷ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಸಾವಿನ ಸುದ್ದಿಯ ಕಾಗದಗಳೂ ಆ ಮನೆಗೆ ಬಂದಿರಲೇಬೇಕು. ತಂತಿಯಲ್ಲಿ ಅಂಥದ್ದು ಒಂದೂ ಇಲ್ಲ. ಅವನ್ನು ಓದಿದ ಕೂಡಲೇ ಹರಿದು ಹಾಕುತ್ತಿದ್ದರು, ಮನೆಯಲ್ಲಿ ಇಡುತ್ತಿರಲಿಲ್ಲ.