ಅವಸರದ ಕೃತಿ

ಸ್ಟೀವನ್ ಸ್ಪೀಲ್‌ಬರ್ಗರ 'ಇ. ಟಿ.' ಚಲಚ್ಚಿತ್ರವು ೧೯೮೨ರಲ್ಲಿ ಆಬಾಲವೃದ್ಧರನ್ನು ಕರುಣಾದ್ಭುತ ರಸಗಳಲ್ಲಿ ಮೀಯಿಸಿತು. ಅದೇ ವರ್ಷ ಅಟಾರಿ ಸಂಸ್ಥೆಯು ಹೊರತಂದ ಅದೇ ಹೆಸರಿನ ವಿಡಿಯೋ ಆಟವಾದರೋ ನಿರಾಶೆಯನ್ನೇ ಉಂಟುಮಾಡಿತು. ಅದರ ಕರ್ತೃ ಹೊವರ್ಡ್ ಸ್ಕಾಟ್ ವಾರ್ಷಾ ಅಸಮರ್ಥರಲ್ಲ. ಅವರ 'ಯಾರ್ಸ್ ರಿವೆಂಜ್' ಎಂಬ ಆಟವು ಬಹುಜನರ ಮನ್ನಣೆಗೆ ಪಾತ್ರವಾಗಿತ್ತು. ಆದರೆ ಕ್ರಿಸ್‌ಮಸ್ ವ್ಯಾಪಾರದ ನಿಮಿತ್ತ ಇಲ್ಲಿ ಅವರಿಗೆ ದೊರೆತ ಕಾಲಾವಕಾಶವು ಸುಮಾರು ಐದೇ ವಾರ.

ಚಿತ್ರದ ಜೀವಾಳವು ಬಾಲಕನಿಗೂ ಅನ್ಯಲೋಕದ ಪ್ರಾಣಿಗೂ ಬೆಳೆದ ಸ್ನೇಹ. ಆಟದಲ್ಲಿ ಆ ಪ್ರಾಣಿಯು ದೂರವಾಣಿಯ ಮೂರು ತುಂಡುಗಳನ್ನರಸುತ್ತ ಗುಂಡಿಗಳಲ್ಲಿ ಬೀಳುವುದೇ ಹೆಚ್ಚು. ಮೇಲೇರಿದ ಮರುಕ್ಷಣವೇ ಪುನಃ ಪತನ. ಆಟದಲ್ಲಿ ಕಷ್ಟವಿರಬಹುದು, ಆದರೆ ಬಿದ್ದವನಿಗೆ ತಾನು ಬಿದ್ದುದೇಕೆಂದು ತಿಳಿಯಬೇಕು. ಇಲ್ಲಿ ಅನೇಕರಿಗೆ ಅದು ತಿಳಿಯಲಿಲ್ಲ. ಅನೌಚಿತ್ಯದಿಂದಲೇ ರಸಭಂಗವೆಂಬ ಆನಂದವರ್ಧನಾಚಾರ್ಯರ ಮತಕ್ಕೆ ಇದೊಂದು ನಿದರ್ಶನ.

ಮಾರಾಟವಾಗದೆ ಉಳಿದ ಪ್ರತಿಗಳಲ್ಲಿ ಕೆಲವನ್ನು ೧೯೮೩ರಲ್ಲಿ ನ್ಯೂಮೆಕ್ಸಿಕೋದ ಅಲಮೊಗೊರ್ಡೊ ಊರಿನ ಕಸದ ಹೊಂಡದಲ್ಲಿ ಹೂಳಿದರು. ೨೦೧೪ರಲ್ಲಿ ಅಗೆದು ತೆಗೆದರು. ಆದರೂ ಇದಕ್ಕಿಂತ ಕೆಟ್ಟ ಆಟವಿಲ್ಲವೆಂದು ಹಳಿಯುವುದು ನ್ಯಾಯವಲ್ಲ. ಐದು ವಾರದಲ್ಲಿ ಇಷ್ಟನ್ನಾದರೂ ಕಟ್ಟಿದುದು ಸಾಮಾನ್ಯವಲ್ಲ. ಕಾಯಿಯನ್ನು ಹಿಸುಕಿ ಹಣ್ಣು ಮಾಡಹೊರಟವರು ವ್ಯಾಪಾರಿಗಳು. ಅಪಕೀರ್ತಿಯ ಭಾರವನ್ನು ಹೊತ್ತವರು ಮಾತ್ರ ಕೃತಿಕಾರರು.