ಹಳದಿ ದೊರೆಯನ್ನು ಹುಡುಕಿದವರು

2014ರ ಮಾರ್ಚ್ 9ರ ಭಾನುವಾರ ರಾತ್ರಿ ಅಮೆರಿಕದಲ್ಲಿ ‘ಟ್ರೂ ಡಿಟೆಕ್ಟಿವ್’ ಸೀರಿಸ್‌ನ ಮೊದಲ ಸೀಸನ್ನಿನ ಎಂಟನೆಯ ಕಂತು ಪ್ರಸಾರವಾಯಿತು. ಅದೇ ಕೊನೆಯ ಕಂತು. ಆನ್‌ಲೈನಿನಲ್ಲಿ ನೋಡಲು ಒಮ್ಮೆಗೇ ನುಗ್ಗಿದವರ ಭಾರ ತಾಳದೆ ಎಚ್‌ಬಿಒ ಗೋ ಸೇವೆ ಕುಸಿದುಬಿತ್ತು. ಮರುದಿನದಿಂದ ಜಗಳ ಶುರು. ಮೆಚ್ಚಿದವರು ಮೆಚ್ಚಿದರು, ಅದು ಬಿಡಿ. ಸಿಟ್ಟಾದವರ ದೂರುಗಳೇ ಒಂದಕ್ಕೊಂದು ತದ್ವಿರುದ್ಧವಾಗಿದ್ದವು. ಕೊನೆ ಏನನ್ನೂ ಬಿಡಿಸಲಿಲ್ಲ, ಕೊಲೆಗಳ ಹಿಂದಿದ್ದ ದೊಡ್ಡ ಮನುಷ್ಯರು ಹಾಗೇ ಉಳಿದುಬಿಟ್ಟರು ಎಂದು ಒಂದು ಗುಂಪು. ಎಲ್ಲವೂ ತೀರಾ ಸಲೀಸಾಗಿ ಬಗೆಹರಿಯಿತು, ಏಳು ಕಂತು ಕತ್ತಲನ್ನೇ ಕುಡಿಸಿ ಕೊನೆಗೊಂದು ಚಮಚ ಸಕ್ಕರೆ ಹಾಕಿದರು ಎಂದು ಇನ್ನೊಂದು ಗುಂಪು. ಒಂದೇ ಗಂಟೆಯ ಚಿತ್ರ ಅತಿಯಾಗಿ ಮುಚ್ಚಿಟ್ಟದ್ದೂ ಅತಿಯಾಗಿ ಹೇಳಿದ್ದೂ ಹೇಗೆ ಸಾಧ್ಯ?

ಇನ್ನೂ ನೋಡಿರದವರಿಗೆ ಮೊದಲೇ ಹೇಳಿಬಿಡುತ್ತೇನೆ, ಈ ಬರಹದಲ್ಲಿ ಕೊನೆ ಪೂರ್ತಿ ಬಯಲಾಗುತ್ತದೆ.

ಕತೆ ನಡೆಯುವುದು ಲೂಸಿಯಾನಾದಲ್ಲಿ. 1995ರಲ್ಲಿ ಕಬ್ಬಿನ ಗದ್ದೆಯ ನಡುವಿನ ಒಂದು ಮರದ ಬುಡದಲ್ಲಿ ಡೋರಾ ಲ್ಯಾಂಗ್ ಎಂಬ ಹೆಣ್ಣುಮಗಳ ಶವ ಸಿಗುತ್ತದೆ. ತಲೆಯ ಮೇಲೆ ಜಿಂಕೆಯ ಕೊಂಬುಗಳ ಕಿರೀಟ, ಕೈಗಳು ಕಟ್ಟಿ, ಪ್ರಾರ್ಥನೆಗೆ ಕೂತ ಭಂಗಿ. ತನಿಖೆಗೆ ಬರುವವರು ಇಬ್ಬರು. ಮಾರ್ಟಿ ಹಾರ್ಟ್ ಸಂಸಾರಸ್ಥ, ಊರಿಗೆ ಬೇಕಾದವನು, ಹೆಂಡತಿಗೆ ಮೋಸ ಮಾಡುವವನು. ರಸ್ಟ್ ಕೋಲ್ ಮಗಳನ್ನು ಅಪಘಾತದಲ್ಲಿ ಕಳೆದುಕೊಂಡವನು. ಮನುಷ್ಯನಿಗೆ ಪ್ರಜ್ಞೆ ಹುಟ್ಟಿದ್ದೇ ವಿಕಾಸದ ಒಂದು ಎಡವಟ್ಟು ಎಂದು ನಂಬಿದವನು, ಅದನ್ನು ಕಾರಿನಲ್ಲಿ ಪಕ್ಕ ಕೂತವನಿಗೆ ಗಂಟೆಗಟ್ಟಲೆ ಹೇಳುವವನು. ವುಡಿ ಹ್ಯಾರೆಲ್ಸನ್ ಮತ್ತು ಮ್ಯಾಥ್ಯೂ ಮೆಕಾನಹೇ ಈ ಇಬ್ಬರು. ಎಂಟೂ ಕಂತುಗಳನ್ನು ಬರೆದವನು ನಿಕ್ ಪಿಝೊಲಾಟೊ, ಎಂಟನ್ನೂ ನಿರ್ದೇಶಿಸಿದವನು ಕ್ಯಾರಿ ಫುಕುನಾಗಾ. ಪಿಝೊಲಾಟೊ ಟಿವಿಗೆ ಬರುವ ಮೊದಲು ಕಾದಂಬರಿಕಾರ, ಸಾಹಿತ್ಯದ ಮೇಷ್ಟ್ರು. ಈ ಕೊನೆಯ ಜಗಳದಲ್ಲಿ ಆ ಮೇಷ್ಟ್ರ ಪಾಲೂ ಇದೆ.

ಮೇಷ್ಟ್ರು ಮಾಡಿದ್ದಿಷ್ಟು. ಪತ್ತೇದಾರಿ ಕತೆಯೊಳಕ್ಕೆ ರಾಬರ್ಟ್ ಚೇಂಬರ್ಸ್‌ನ 1895ರ ಕಥಾಸಂಕಲನ ‘ದ ಕಿಂಗ್ ಇನ್ ಯೆಲ್ಲೋ’ವನ್ನು ತಂದು ಕೂರಿಸಿದರು. ಡೋರಾಳ ಡೈರಿಯಲ್ಲಿ ಹಳದಿ ದೊರೆಯ ಹೆಸರು, ಕಾರ್ಕೋಸಾ ಎಂಬ ಜಾಗದ ಹೆಸರು. ಕಾರ್ಕೋಸಾ ಚೇಂಬರ್ಸ್‌ನ ಸ್ವಂತದ್ದೂ ಅಲ್ಲ, ಅವನು ಅದನ್ನು ಆಂಬ್ರೋಸ್ ಬಿಯರ್ಸ್‌ನ ಕತೆಯೊಂದರಿಂದ ಎತ್ತಿಕೊಂಡದ್ದು. ಚೇಂಬರ್ಸ್‌ನ ಕತೆಗಳಲ್ಲಿ ಆ ಪುಸ್ತಕದ್ದೇ ಹೆಸರಿನ ಒಂದು ನಾಟಕ ಬರುತ್ತದೆ. ಮೊದಲ ಅಂಕ ಸಾಧಾರಣವಾಗಿದೆ, ಎರಡನೆಯ ಅಂಕ ಓದಿದವರಿಗೆ ಹುಚ್ಚು ಹಿಡಿಯುತ್ತದೆ. ಆ ಎರಡನೆಯ ಅಂಕವನ್ನು ಚೇಂಬರ್ಸ್ ನಮಗೆ ಎಲ್ಲೂ ತೋರಿಸುವುದಿಲ್ಲ. ತೋರಿಸಿದ್ದರೆ ಕತೆ ಸತ್ತುಹೋಗುತ್ತಿತ್ತು.

ಒಂದೇ ಬಂಡಿಗೆ ಎರಡು ಜಾತಿಯ ಎತ್ತು ಕಟ್ಟಿದಂತಾಯಿತು. ಪತ್ತೇದಾರಿ ಕತೆ ಓದುಗನಿಗೆ ಕೊಡುವ ಮಾತು: ಇಲ್ಲಿರುವ ಪ್ರತಿಯೊಂದು ವಸ್ತುವಿಗೂ ಅರ್ಥವಿದೆ, ತಾಳ್ಮೆಯಿಂದಿದ್ದರೆ ಎಲ್ಲ ತಿಳಿಯುತ್ತದೆ. ಚೇಂಬರ್ಸ್‌ನ ಬಗೆಯ ಭಯದ ಕತೆ ಕೊಡುವ ಮಾತು: ತಿಳಿದರೆ ಕೆಟ್ಟೆ. ಏಳು ಕಂತಿನವರೆಗೆ ಇವೆರಡನ್ನೂ ಒಟ್ಟಿಗೆ ಎಳೆಯಬಹುದು. ಎಂಟನೆಯದರಲ್ಲಿ ಒಂದನ್ನು ಬಿಚ್ಚಲೇಬೇಕು. ವಾರಕ್ಕೊಂದೇ ಕಂತು ಬರುತ್ತಿದ್ದುದರಿಂದ ನಡುವಿನ ಆರಾರು ದಿನ ನೋಡುಗರು ಸುಮ್ಮನಿರಲಿಲ್ಲ. ಫ್ರೇಮು ನಿಲ್ಲಿಸಿ ಗೋಡೆಯ ಮೇಲಿನ ಚಿತ್ರಗಳನ್ನು ಹಿಗ್ಗಿಸಿ ನೋಡಿದರು, ಮಾರ್ಟಿಯ ಮಾವನೇ ಹಳದಿ ದೊರೆ ಎಂದರು, ಇಲ್ಲ, ಮಾರ್ಟಿಯೇ ಎಂದರು. ನೂರು ವರ್ಷ ಹಳೆಯ ಚೇಂಬರ್ಸ್‌ನ ಪುಸ್ತಕ ಅಮೆಜಾನಿನ ಮಾರಾಟದ ಪಟ್ಟಿಯಲ್ಲಿ ಸರ್ರನೆ ಮೇಲೇರಿತು. ಸಾಹಿತ್ಯದವರಾದ ನಮಗೆ ಇದರಲ್ಲಿ ಸಂತೋಷಪಡಲು ಕಾರಣವಿದೆ. ಆದರೆ ಅಷ್ಟು ಜನ ಅದನ್ನು ಕೊಂಡದ್ದು ಸುಳಿವಿನ ಪಟ್ಟಿಯಾಗಿ, ಕತೆಯಾಗಿ ಅಲ್ಲ.

ಕೊನೆಗೆ ಸಿಕ್ಕ ಉತ್ತರ ಏನು? ಕೊಲೆಗಾರ ಎರೊಲ್ ಚೈಲ್ಡ್ರೆಸ್, ಹುಲ್ಲು ಕತ್ತರಿಸುವ, ಬಣ್ಣ ಬಳಿಯುವ ಕೂಲಿಯವನು. ಮೂರನೆಯ ಕಂತಿನಲ್ಲೇ ಪಾಳುಬಿದ್ದ ಶಾಲೆಯ ಅಂಗಳದಲ್ಲಿ ಮೋವರ್ ಯಂತ್ರದ ಮೇಲೆ ಕೂತಿದ್ದ. ರಸ್ಟ್ ಅವನನ್ನು ಮಾತನಾಡಿಸಿ ಮುಂದೆ ಹೋಗಿದ್ದ. ಅವನನ್ನು ಹಿಡಿದುಕೊಟ್ಟದ್ದು ಚೇಂಬರ್ಸ್ ಅಲ್ಲ, ನೀಷೆಯೂ ಅಲ್ಲ. ಹಿಂದೆ ಒಬ್ಬ ಹುಡುಗಿ ತನ್ನನ್ನು ಕಾಡಿನಲ್ಲಿ ಅಟ್ಟಿಸಿಕೊಂಡು ಬಂದವನ ಕಿವಿ ಹಸಿರಾಗಿತ್ತು ಎಂದಿದ್ದಳು. ಹಳೆಯ ಫೋಟೋವೊಂದರಲ್ಲಿ ಹೊಸದಾಗಿ ಹಸಿರು ಬಣ್ಣ ಬಳಿದ ಮನೆ ನೋಡಿದ ಮಾರ್ಟಿಗೆ ಅದು ಹೊಳೆಯುತ್ತದೆ: ಬಣ್ಣ ಬಳಿಯುವವನ ಕಿವಿಗೆ ಬಣ್ಣ ತಾಗಿರಬೇಕು. ಅಲ್ಲಿಂದ ಮುಂದೆ ತೆರಿಗೆಯ ಕಾಗದ, ವಿಳಾಸ. ಗುಮಾಸ್ತರ ಕೆಲಸ. ರಸ್ಟ್‌ನ ತತ್ವಜ್ಞಾನ ಅಲ್ಲಿ ಮೂರು ಕಾಸಿಗೂ ಉಪಯೋಗಕ್ಕೆ ಬರಲಿಲ್ಲ ಎಂಬುದು ನನಗೆ ಈ ಸೀರಿಸ್‌ನ ಅತ್ಯಂತ ಜಾಣ ತಮಾಷೆ. ಉತ್ತರ ಕಣ್ಣೆದುರೇ ಇದ್ದರೂ ಬೇರೆ ಸುಳಿವುಗಳ ಬೆನ್ನು ಹತ್ತಿ ಅದನ್ನು ಕಾಣದೆ ಹೋಗುವುದೇ ಪತ್ತೇದಾರನಿಗಿರುವ ಶಾಪ ಎಂದು ಮಾರ್ಟಿ ಮೊದಲೇ ಒಂದು ಕಡೆ ಹೇಳುತ್ತಾನೆ. ಆ ಶಾಪ ನೋಡುಗರಿಗೂ ತಟ್ಟಿತು.

ಇಷ್ಟು ಹೇಳಿ, ತಪ್ಪೆಲ್ಲ ನೋಡುಗರದು ಎಂದು ಕೈ ತೊಳೆದುಕೊಳ್ಳುವುದು ಸುಲಭ. ಹಾಗೆ ಮಾಡಿದವರೂ ಇದ್ದಾರೆ. ಆದರೆ ಎರಡನೆಯ ದೂರು, ಸಕ್ಕರೆಯ ದೂರು, ಇದಕ್ಕಿಂತ ಗಟ್ಟಿ. ಅದಕ್ಕೆ ಉತ್ತರ ಕೊಡಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮೊದಲ ಆರು ಕಂತುಗಳ ಬಹುಭಾಗ ನಮಗೆ ದಕ್ಕುವುದು ಹೇಳಿಕೆಯ ರೂಪದಲ್ಲಿ. 2012ರಲ್ಲಿ ಇಬ್ಬರು ಪೊಲೀಸರು ಕ್ಯಾಮೆರಾ ಇಟ್ಟುಕೊಂಡು ಮಾರ್ಟಿಯನ್ನೂ ರಸ್ಟ್‌ನನ್ನೂ ಬೇರೆಬೇರೆಯಾಗಿ ಕೂರಿಸಿ 1995ರ ಕತೆ ಕೇಳುತ್ತಾರೆ. ರಸ್ಟ್ ಬಿಯರ್ ಕುಡಿಯುತ್ತಾ ಖಾಲಿ ಕ್ಯಾನುಗಳನ್ನು ಕತ್ತರಿಸಿ ಪುಟ್ಟ ಮನುಷ್ಯರನ್ನು ಮಾಡುತ್ತಾ ಹೇಳುತ್ತಾನೆ. ಐದನೆಯ ಕಂತಿನಲ್ಲಿ ರೆಜಿ ಲೆಡೂ ಎಂಬವನ ಅಡಗುತಾಣದ ಮೇಲೆ ಇವರು ದಾಳಿ ಮಾಡಿದ ಪ್ರಸಂಗ ಬರುತ್ತದೆ. ಕಿವಿಗೆ ಕೇಳುವುದು ಇಬ್ಬರೂ ಒಪ್ಪಿಸುವ ವೀರಗಾಥೆ: ಗುಂಡಿನ ಮಳೆ, ಪ್ರಾಣಭಯ, ಆತ್ಮರಕ್ಷಣೆ. ಕಣ್ಣಿಗೆ ಕಾಣುವುದು ಬೇರೆಯೇ. ಲೆಡೂನ ಕೈಗೆ ಬೇಡಿ ಬಿದ್ದಾಗಿದೆ. ಒಳಗೆ ಕೂಡಿಹಾಕಿದ್ದ ಮಕ್ಕಳನ್ನು ನೋಡಿ ಹೊರಬಂದ ಮಾರ್ಟಿ ನೇರ ಅವನ ತಲೆಗೆ ಗುಂಡು ಹಾರಿಸುತ್ತಾನೆ. ಆಮೇಲೆ ರಸ್ಟ್ ಮರಗಿಡಗಳ ಕಡೆ ಗುಂಡು ಹಾರಿಸಿ, ಹೇಳಲಿರುವ ಸುಳ್ಳಿಗೆ ಸಾಕ್ಷ್ಯ ತಯಾರಿಸುತ್ತಾನೆ. ಮಾತು ಒಂದು ಕಡೆ, ಚಿತ್ರ ಇನ್ನೊಂದು ಕಡೆ. ನಿರೂಪಕನನ್ನು ನಂಬಬಾರದು ಎಂಬ ಪಾಠವನ್ನು ತರಗತಿಯಲ್ಲಿ ಕಾದಂಬರಿ ಇಟ್ಟುಕೊಂಡು ವಾರಗಟ್ಟಲೆ ಮಾಡುವವರು ಈ ಹತ್ತು ನಿಮಿಷ ತೋರಿಸಿದರೆ ಸಾಕು.

ಹೀಗೆ ತರಬೇತಾದ ನೋಡುಗರು ಕೊನೆಯ ದೃಶ್ಯಕ್ಕೆ ಬರುತ್ತಾರೆ. ಕಾರ್ಕೋಸಾದ ಆ ಇಟ್ಟಿಗೆಯ ಸುರಂಗಗಳಲ್ಲಿ (ಚಿತ್ರೀಕರಣ ನ್ಯೂ ಆರ್ಲಿಯನ್ಸ್ ಬಳಿಯ ಫೋರ್ಟ್ ಮಕೋಂಬ್ ಎಂಬ ಹಳೆಯ ಕೋಟೆಯಲ್ಲಿ) ಚೈಲ್ಡ್ರೆಸ್‌ನ ಕೈಯಲ್ಲಿ ಇರಿತ ತಿಂದ ರಸ್ಟ್ ಸಾವಿನ ಅಂಚಿಗೆ ಹೋಗಿ ಬಂದಿದ್ದಾನೆ. ಆಸ್ಪತ್ರೆಯ ಹೊರಗೆ ಗಾಲಿಕುರ್ಚಿಯಲ್ಲಿ ಕೂತು ಮಾರ್ಟಿಗೆ ಹೇಳುತ್ತಾನೆ: ಪ್ರಜ್ಞೆ ತಪ್ಪಿದ ಆ ಕತ್ತಲಿನ ತಳದಲ್ಲಿ ಇನ್ನೊಂದು ಬೆಚ್ಚಗಿನ ಕತ್ತಲಿತ್ತು, ಅಲ್ಲಿ ಸತ್ತ ಮಗಳ ಪ್ರೀತಿ ತನಗೆ ತಾಗಿತು, ಅಪ್ಪನದ್ದೂ. ಅವನು ಅಳುತ್ತಾನೆ. ಆಮೇಲೆ ನಕ್ಷತ್ರಗಳ ಮಾತು, ಬೆಳಕು ಮತ್ತು ಕತ್ತಲಿನ ಮಾತು, ಬೆಳಕೇ ಗೆಲ್ಲುತ್ತಿದೆ ಎಂಬ ಮಾತು. ಏಳು ಕಂತು ಬದುಕನ್ನು ನಿರಾಕರಿಸಿದವನ ಬಾಯಲ್ಲಿ ಇದು. ಅವನ ನಿರಾಶಾವಾದವನ್ನು ಲೇಖಕ ಥಾಮಸ್ ಲಿಗೊಟ್ಟಿಯ ಓದಿನಿಂದ ಕಟ್ಟಿದ್ದು ಗೊತ್ತಿದ್ದವರಿಗಂತೂ ಇದು ದ್ರೋಹದಂತೆ ಕಂಡಿತು.

ನನಗೆ ಹಾಗೆ ಕಾಣುವುದಿಲ್ಲ. ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ರಸ್ಟ್ ಹೇಳುವ ಆ ಬೆಚ್ಚಗಿನ ಕತ್ತಲನ್ನು ಕ್ಯಾಮೆರಾ ತೋರಿಸುವುದೇ ಇಲ್ಲ. ಕಾರ್ಕೋಸಾದಲ್ಲಿ ಅವನಿಗೆ ಕಂಡ ಸುಳಿಯನ್ನು ತೋರಿಸಿದ ನಿರ್ದೇಶಕ ಮಗಳನ್ನು ತೋರಿಸುವುದಿಲ್ಲ. ನಮಗೆ ಸಿಗುವುದು ಬರೀ ಹೇಳಿಕೆ. ಮಾತಿಗೆ ಚಿತ್ರದ ಸಾಕ್ಷ್ಯ ಇಲ್ಲದಾಗ ಏನಾಗುತ್ತದೆಂದು ಐದನೆಯ ಕಂತಿನಲ್ಲಿ ಕಲಿತಿದ್ದೇವೆ. ಆದರೆ ಅಲ್ಲಿ ಕೇಳುತ್ತಿದ್ದವರು ಪೊಲೀಸರು, ದಾಖಲಿಸುತ್ತಿದ್ದದ್ದು ಯಂತ್ರ. ಇಲ್ಲಿ ಕೇಳುತ್ತಿರುವವನು ಆ ಸುಳ್ಳಿನಲ್ಲಿ ಪಾಲುದಾರನಾದ ಏಕೈಕ ಮನುಷ್ಯ. ಸುಳ್ಳು ಹೇಳಿ ಇನ್ನೇನೂ ಗಿಟ್ಟುವುದಿಲ್ಲ.

ಎರಡನೆಯದು, ನಕ್ಷತ್ರದ ಮಾತನ್ನು ರಸ್ಟ್ ತಾನಾಗಿ ತೆಗೆಯುವುದಿಲ್ಲ. ಅಲಾಸ್ಕಾದಲ್ಲಿ ಚಿಕ್ಕವನಿದ್ದಾಗ ಆಕಾಶ ನೋಡಿ ಕತೆ ಕಟ್ಟುತ್ತಿದ್ದೆಯಂತಲ್ಲ ಎಂದು ಕೆಣಕುವವನು ಮಾರ್ಟಿ. ಮನೆಯಲ್ಲಿ ಟಿವಿ ಇರಲಿಲ್ಲ, ಅದಕ್ಕೆ ಕತೆ. ಅಂದರೆ ರಸ್ಟ್ ಅಲ್ಲಿ ಮಂಡಿಸುತ್ತಿರುವುದು ಸಿದ್ಧಾಂತವನ್ನಲ್ಲ, ಹೇಳುತ್ತಿರುವುದು ಕತೆ. ಎಲ್ಲಕ್ಕಿಂತ ಹಳೆಯ ಕತೆ ಎಂದು ಅವನೇ ಒಪ್ಪಿಕೊಂಡು ಹೇಳುತ್ತಿರುವುದು. ಕತ್ತಲಿನ ಪಾಲೇ ದೊಡ್ಡದು ಎನ್ನುತ್ತಾನೆ ಮಾರ್ಟಿ, ರಸ್ಟ್ ಹೌದೆನ್ನುತ್ತಾನೆ, ಆಮೇಲೆ ತಿದ್ದಿಕೊಳ್ಳುತ್ತಾನೆ. ಮತಾಂತರಗೊಂಡವನು ಹೀಗೆ ಮಾತಾಡುವುದಿಲ್ಲ. ಹೊಟ್ಟೆಗೆ ಹೊಲಿಗೆ ಹಾಕಿಸಿಕೊಂಡು ಆಸ್ಪತ್ರೆಯಿಂದ ಕದ್ದು ಹೊರಡಲಿರುವ ಒಬ್ಬ, ಗೆಳೆಯನ ಹೆಗಲ ಮೇಲೆ ಭಾರ ಹಾಕುವ ಮೊದಲು, ಇವತ್ತಿನ ರಾತ್ರಿಗೆ ಸಾಕಾಗುವಷ್ಟು ಮಾತಾಡುತ್ತಾನೆ. ಇದನ್ನು ಸಕ್ಕರೆ ಎನ್ನುವವರು ಮೊದಲಿನ ರಸ್ಟ್‌ನ ಭಾಷಣಗಳನ್ನು ಪೂರ್ತಿ ನಂಬಿಬಿಟ್ಟವರು. ಆ ಭಾಷಣಗಳಲ್ಲೂ ಮಗಳ ದುಃಖ ತತ್ವದ ಕೋಟು ತೊಟ್ಟು ಕೂತಿತ್ತಲ್ಲವೇ?

ಹಾಗಾದರೆ ಕೊನೆ ಸರಿಯಾಗಿದೆಯೇ? ನನ್ನ ತಕರಾರು ಬೇರೆ ಕಡೆ ಇದೆ. ಅದರ ಹೆಸರು ಆಡ್ರಿ.

ಆಡ್ರಿ ಮಾರ್ಟಿಯ ದೊಡ್ಡ ಮಗಳು. ಮೊದಲ ಕಂತುಗಳಲ್ಲಿ ಅವಳು ತನ್ನ ಕೋಣೆಯಲ್ಲಿ ಗೊಂಬೆಗಳನ್ನು ಜೋಡಿಸಿಟ್ಟಿದ್ದಾಳೆ: ನಡುವೆ ಬಿದ್ದಿರುವ ಒಂದು ಹೆಣ್ಣು ಗೊಂಬೆ, ಸುತ್ತ ನಿಂತ ಗಂಡು ಗೊಂಬೆಗಳು. ಶಾಲೆಯಲ್ಲಿ ಅವಳು ಬರೆದ ಚಿತ್ರಗಳು ಆ ವಯಸ್ಸಿನ ಮಗು ಬರೆಯುವಂಥವಲ್ಲ. ಹದಿಹರೆಯಕ್ಕೆ ಬಂದಾಗ ಇಬ್ಬರು ಹುಡುಗರೊಂದಿಗೆ ಕಾರಿನಲ್ಲಿ ಸಿಕ್ಕಿಬೀಳುತ್ತಾಳೆ, ಮಾರ್ಟಿ ಅವಳ ಕೆನ್ನೆಗೆ ಬಾರಿಸಿ, ಆಮೇಲೆ ಆ ಹುಡುಗರನ್ನು ಜೈಲಿನಲ್ಲಿ ಹೊಡೆಯುತ್ತಾನೆ. ಮುಂದೆ ಅವಳು ಚಿತ್ರ ಬರೆಯುತ್ತಿದ್ದಾಳೆ, ಮಾತ್ರೆ ತೆಗೆದುಕೊಳ್ಳುತ್ತಿದ್ದಾಳೆ ಎಂದು ತಾಯಿಯ ಬಾಯಿಂದ ಒಂದು ಸುದ್ದಿ. ಅಷ್ಟೇ. ಕೊನೆಯ ಕಂತು ಇದನ್ನು ಮುಟ್ಟುವುದಿಲ್ಲ.

ನೋಡುಗರು ಆ ಗೊಂಬೆಗಳನ್ನು ಹಿಡಿದು ಮಾರ್ಟಿಯ ಮನೆಯವರನ್ನೇ ಕೊಲೆಗಾರರ ಗುಂಪಿಗೆ ಸೇರಿಸಿದ್ದು ಅತಿಯಾಯಿತು ನಿಜ. ಆದರೆ ಗೊಂಬೆಗಳನ್ನು ಅಲ್ಲಿಟ್ಟವರು ನೋಡುಗರಲ್ಲ. ಮಗುವಿನ ಕೋಣೆಯಲ್ಲಿ ಅಂಥದೊಂದನ್ನು ಇಟ್ಟ ಮೇಲೆ ಅದು ಹಳದಿ ದೊರೆಯಂತೆ ಬರೀ ವಾತಾವರಣದ ಮಂಜು ಅಲ್ಲ. ಊರಿನ ಮಕ್ಕಳಿಗೆ ಏನಾಯಿತೆಂದು ಹದಿನೇಳು ವರ್ಷ ಹುಡುಕಿದ ಒಬ್ಬ ತಂದೆ ತನ್ನ ಮಗುವಿನ ಕೋಣೆಯನ್ನು ಸರಿಯಾಗಿ ನೋಡಲಿಲ್ಲ ಎಂಬುದು ಈ ಕತೆಯ ಒಳಗಿನ ಕತೆ. ಮಾರ್ಟಿಗೆ ಅದು ಕಾಣದಿದ್ದದ್ದು ಪಾತ್ರದ ದೌರ್ಬಲ್ಯ. ಆದರೆ ಬರೆದವನೂ ಮಾರ್ಟಿಯಂತೆಯೇ ಪಕ್ಕಕ್ಕೆ ನೋಡಿ ಹೋದರೆ ಏನನ್ನಬೇಕು? ‘ನ್ಯೂಯಾರ್ಕರ್’ನಲ್ಲಿ ಎಮಿಲಿ ನಸ್‌ಬಾಮ್ ಕೊನೆಯ ಕಂತಿಗೂ ಮುಂಚೆಯೇ ಈ ಸೀರಿಸ್‌ನ ಹೆಣ್ಣುಗಳ ಬಗ್ಗೆ ಕಟುವಾಗಿ ಬರೆದಿದ್ದಳು: ಸತ್ತ ದೇಹ, ಸೂಳೆ, ಸಿಡುಕುವ ಹೆಂಡತಿ, ಇವರಾಚೆ ಯಾರೂ ಇಲ್ಲ ಎಂಬ ಅರ್ಥದಲ್ಲಿ. ಆಗ ಅಭಿಮಾನಿಗಳು ತಾಳಿ, ಇವು ಗಂಡಸರ ಹೇಳಿಕೆಗಳು, ಅವರ ಕಣ್ಣಿನ ದೋಷವನ್ನೇ ತೋರಿಸುತ್ತಿರುವುದು, ಕೊನೆಯಲ್ಲಿ ತಿರುವು ಬರುತ್ತದೆ ಎಂದು ವಾದಿಸಿದರು. ಒಳ್ಳೆಯ ವಾದವೇ. ಕೊನೆ ಬಂತು, ಆ ತಿರುವು ಬರಲಿಲ್ಲ. ಬಂದದ್ದು ಚೈಲ್ಡ್ರೆಸ್‌ನ ಕೊಳೆತ ಮನೆ, ಅವನ ಮಲತಂಗಿ, ಹಿಚ್‌ಕಾಕ್ ಸಿನಿಮಾ ನೋಡುತ್ತಾ ಜೇಮ್ಸ್ ಮೇಸನ್‌ನ ದನಿ ಅನುಕರಿಸುವ ಅವನ ಆಟ. ನೋಡಲು ಭಯವೇ, ಆದರೆ ನೂರು ಸಿನಿಮಾದಲ್ಲಿ ನೋಡಿದ ಹಳ್ಳಿಗಾಡಿನ ರಾಕ್ಷಸನ ಭಯ.

ಸೆನೆಟರ್ ಟಟ್ಲ್ ತಪ್ಪಿಸಿಕೊಂಡದ್ದರ ಬಗ್ಗೆ ನನಗೆ ಅಷ್ಟು ಬೇಸರವಿಲ್ಲ. ಟಿವಿಯ ಸುದ್ದಿಯಲ್ಲಿ ಒಂದು ನಿರಾಕರಣೆ, ಮುಗಿಯಿತು. ದೊಡ್ಡವರ ವಿಷಯದಲ್ಲಿ ಹೀಗೇ ಆಗುವುದು, ಅದು ಸೀರಿಸ್‌ಗೂ ಗೊತ್ತು, ರಸ್ಟ್‌ಗೂ ಗೊತ್ತು. ಎಲ್ಲರನ್ನೂ ಹಿಡಿಯಲಾಗಲಿಲ್ಲ ಎಂದು ಅವನು ಕೊರಗುತ್ತಾನೆ, ನಮ್ಮ ಪಾಲಿನವನನ್ನು ಹಿಡಿದೆವಲ್ಲ ಎಂದು ಮಾರ್ಟಿ ಸಮಾಧಾನ ಹೇಳುತ್ತಾನೆ. ಆ ಅಪೂರ್ಣತೆಯನ್ನು ಪಾತ್ರಗಳೇ ಬಾಯಿಬಿಟ್ಟು ಹೇಳಿಕೊಳ್ಳುತ್ತವೆ. ಆಡ್ರಿಯ ವಿಷಯದಲ್ಲಿ ಅಂಥ ಒಂದು ಸಾಲೂ ಇಲ್ಲ.

ಹತ್ತಿರ ಹತ್ತಿರ ಬರುವ ಒಂದು ಕ್ಷಣವಿದೆ. ಮಾರ್ಟಿ ಆಸ್ಪತ್ರೆಯ ಮಂಚದ ಮೇಲಿದ್ದಾಗ ಬಿಟ್ಟುಹೋದ ಹೆಂಡತಿ ಮ್ಯಾಗಿ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಬರುತ್ತಾಳೆ. ಹೇಗಿದ್ದೀಯ ಎಂದು ಕೇಳಿದ್ದಕ್ಕೆ ಚೆನ್ನಾಗಿದ್ದೇನೆ ಅನ್ನುತ್ತಾನೆ. ಇನ್ನೊಮ್ಮೆ ಅನ್ನುತ್ತಾನೆ, ಮುಖ ಒಡೆದುಹೋಗಿ ಬಿಕ್ಕಿ ಅಳುತ್ತಾನೆ. ಹ್ಯಾರೆಲ್ಸನ್ ಇಡೀ ಸೀಸನ್ನಿನಲ್ಲಿ ಇದಕ್ಕಿಂತ ಚೆನ್ನಾಗಿ ಎಲ್ಲೂ ನಟಿಸಿಲ್ಲ. ಮಕ್ಕಳು ದೊಡ್ಡವರಾಗಿದ್ದಾರೆ, ಮಂಚದ ಪಕ್ಕ ನಿಂತಿದ್ದಾರೆ. ನಾವು ಮಾರ್ಟಿಯ ಮುಖವನ್ನೇ ನೋಡುತ್ತಿರುತ್ತೇವೆ, ಆಡ್ರಿಯ ಮುಖದಲ್ಲಿ ಏನಿತ್ತೋ ನೋಡುವಷ್ಟರಲ್ಲಿ ದೃಶ್ಯ ಮುಂದಕ್ಕೆ ಹೋಗಿರುತ್ತದೆ.