ಬ್ರೇಕ್ ತುಳಿದರೆ ಇಂಡಿಕೇಟರ್ ಹತ್ತುವ ಗಾಡಿ

ಬ್ರೇಕ್ ತುಳಿದಾಗ ಹಿಂದಿನ ಕೆಂಪು ದೀಪ ಮಂಕಾಗಿ ಹತ್ತುತ್ತದೆ. ಜೊತೆಗೆ ಯಾರೂ ಕೇಳದಿದ್ದರೂ ಎಡಗಡೆ ಇಂಡಿಕೇಟರ್ ಸಣ್ಣಗೆ ಮಿನುಗುತ್ತದೆ. ಇಂಡಿಕೇಟರ್ ಹಾಕಿದರೆ ಪಾರ್ಕಿಂಗ್ ದೀಪವೂ ಅದರ ತಾಳಕ್ಕೆ ಕುಣಿಯುತ್ತದೆ. ಹದಿನೈದು ಇಪ್ಪತ್ತು ಮಳೆಗಾಲ ಕಂಡ ಗಾಡಿ ಮನೆಯಲ್ಲಿದ್ದವರಿಗೆ ಈ ಆಟ ಹೊಸದಲ್ಲ. ಮನೆಯವರ ತೀರ್ಪೂ ಹೊಸದಲ್ಲ: ‘ವೈರಿಂಗ್ ಪೂರ್ತಿ ಹೋಯ್ತು, ಮಾರಿಬಿಡಿ.’

ವೈರಿಂಗ್ ಹೋಗಿರುವುದಿಲ್ಲ. ಹೋಗಿರುವುದು ಒಂದು ಸ್ಕ್ರೂ. ಗಾಡಿಯ ದೀಪಗಳಿಗೆ ಕರೆಂಟ್ ಬರುವುದು ತಂತಿಯಲ್ಲಿ, ಬ್ಯಾಟರಿಗೆ ವಾಪಸು ಹೋಗುವುದು ಗಾಡಿಯ ತಗಡಿನ ಮೈಯಲ್ಲಿ. ಆ ಮೈಗೆ ಸೇರಿಸುವ ಜಾಗವೇ ಅರ್ತ್. ಹಿಂದಿನ ದೀಪದ ಡಬ್ಬಿಯಲ್ಲಿರುವ ಬ್ರೇಕ್, ಪಾರ್ಕಿಂಗ್, ಇಂಡಿಕೇಟರ್ ಬಲ್ಬುಗಳಿಗೆಲ್ಲ ಸೇರಿ ಸಾಮಾನ್ಯವಾಗಿ ಒಂದೇ ಅರ್ತ್ ತಂತಿ ಇರುತ್ತದೆ. ಅದರ ಸ್ಕ್ರೂ ತುಕ್ಕು ಹಿಡಿದರೆ ಬ್ರೇಕ್ ಬಲ್ಬಿನ ಕರೆಂಟಿಗೆ ಹೊರಗೆ ಹೋಗುವ ದಾರಿ ಮುಚ್ಚಿಹೋಗುತ್ತದೆ. ಆಗ ಅದು ಪಕ್ಕದ ಇಂಡಿಕೇಟರ್ ಬಲ್ಬಿನೊಳಗೆ ನುಗ್ಗಿ, ಅದರ ತಂತಿಯಲ್ಲಿ ಹಿಮ್ಮುಖವಾಗಿ ಓಡಿ, ಮುಂದಿನ ಇಂಡಿಕೇಟರಿನ ಅರ್ತ್ ಮೂಲಕ ಬ್ಯಾಟರಿ ಸೇರುತ್ತದೆ. ಒಬ್ಬನ ಊಟವನ್ನು ಮೂವರು ಹಂಚಿಕೊಂಡಂತೆ ಬಲ್ಬುಗಳೆಲ್ಲ ಅರೆಹೊಟ್ಟೆಯಲ್ಲಿ ಹತ್ತುತ್ತವೆ. ಸ್ಕ್ರೂ ಬಿಚ್ಚಿ, ಉಪ್ಪುಕಾಗದದಿಂದ ತಗಡು ಹೊಳೆಯುವವರೆಗೆ ಉಜ್ಜಿ, ಬಿಗಿಮಾಡಿ, ಮೇಲೊಂದು ಚೂರು ಗ್ರೀಸ್ ಸವರಿದರೆ ಮುಗಿಯಿತು.

ಹಳೇ ಗಾಡಿ ‘ಇದ್ದಕ್ಕಿದ್ದಂತೆ’ ಕೈಕೊಟ್ಟಿತು ಎನ್ನುತ್ತೇವಲ್ಲ, ಅದರಲ್ಲಿ ಬಹುಪಾಲು ಹೀಗೆ ಕೂಡಿಕೆಯ ಕೆಡುಕು. ಸಾಮಾನು ಕೆಡುವುದಕ್ಕಿಂತ ಸಾಮಾನುಗಳ ನಡುವಿನ ಸಂಧಿ ಕೆಡುವುದೇ ಹೆಚ್ಚು. ಆದರೆ ಅಂಗಡಿಯಲ್ಲಿ ಸಂಧಿ ಮಾರಾಟಕ್ಕಿರುವುದಿಲ್ಲ, ಸಾಮಾನು ಇರುತ್ತದೆ. ಹಾಗಾಗಿ ನಾವು ಸಾಮಾನನ್ನೇ ಬದಲಿಸುತ್ತ ಹೋಗುತ್ತೇವೆ.

ನಮ್ಮ ಮನೆಯದು ಓಮ್ನಿ, ಕಾರ್ಬೊರೇಟರ್ ಕಾಲದ್ದು. 1984ರಲ್ಲಿ ಮಾರುತಿ ವ್ಯಾನ್ ಎಂದು ಹೊರಟು, ಆಮೇಲೆ ಓಮ್ನಿ ಎನಿಸಿಕೊಂಡು, 2019ರವರೆಗೆ ತಯಾರಾದ ಗಾಡಿ. ಮಲೆನಾಡಿನಲ್ಲಿ ಅದು ಹೊರದ ಹೊರೆಯಿಲ್ಲ: ಅಡಿಕೆ ಮೂಟೆ, ಮದುವೆಯ ದಿಬ್ಬಣ, ಬಾಣಂತಿ, ಹಿಂಡಿಚೀಲ, ಯಕ್ಷಗಾನದ ಪೆಟ್ಟಿಗೆ. 796 ಸಿಸಿಯ ಮೂರು ಸಿಲಿಂಡರ್ ಇಂಜಿನ್ ಮುಂದಿನ ಸೀಟುಗಳ ಅಡಿಯಲ್ಲಿ ಮಲಗಿದೆ, ಓಡುವುದು ಹಿಂದಿನ ಚಕ್ರ. ಸುರಕ್ಷತೆಯ ದೃಷ್ಟಿಯಿಂದ ಆ ವಿನ್ಯಾಸವನ್ನು ಇವತ್ತು ಯಾರೂ ಹೊಗಳಲಾರರು, ಕಾಲಿನ ಮುಂದೆ ಇರುವುದು ಬರೀ ತಗಡು. ಆದರೆ ರಿಪೇರಿಯ ರಸಿಕನಿಗೆ ಅದರಂಥ ಗಾಡಿ ಮತ್ತೊಂದಿಲ್ಲ. ಆಗುಂಬೆ ಘಾಟಿಯಲ್ಲಿ ಜಡಿಮಳೆ ಹೊಡೆಯುತ್ತಿದ್ದರೂ ಸೀಟು ಎತ್ತಿ, ಸೂರಿನಡಿ ಕೂತು, ಅಂಗಿ ನೆನೆಯದಂತೆ ಪ್ಲಗ್ ಬಿಚ್ಚಬಹುದು. ಬೊನೆಟ್ ಇರುವ ಗಾಡಿಯವರಿಗೆ ಈ ಸುಖವಿಲ್ಲ.

ಒಮ್ಮೆ ಸೆಲ್ಫ್ ಹೊಡೆದರೆ ‘ಟಕ್’ ಎಂದು ಸುಮ್ಮನಾಗತೊಡಗಿತು. ನಮ್ಮೂರ ಆಟೊ ಎಲೆಕ್ಟ್ರಿಷಿಯನ್ ಸಾಬ್ರು ಬಂದರು. ‘ಬ್ಯಾಟ್ರಿ ಹೋಯ್ತೇನೋ ಸಾಬ್ರೇ’ ಎಂದೆ. ‘ಹೆಡ್‌ಲೈಟ್ ಹಾಕಿ ಸೆಲ್ಫ್ ಹೊಡೀರಿ ಭಟ್ರೇ’ ಎಂದರು. ಹೊಡೆದೆ. ಎದುರಿನ ಗೋಡೆಯ ಮೇಲಿನ ಬೆಳಕು ಅಲುಗಲಿಲ್ಲ. ‘ಬೆಳಕು ಸತ್ರೆ ಬ್ಯಾಟ್ರಿ ನೋಡ್ಬೇಕು. ಇದು ಸಾಯ್ಲಿಲ್ಲ. ಕರೆಂಟು ಸೆಲ್ಫಿಗೆ ಹೋಗೋದಕ್ಕೇ ದಾರಿ ಇಲ್ಲ.’ ಜಂಪರ್ ಕೇಬಲಿನ ಒಂದು ತುದಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದನ್ನು ನೇರ ಇಂಜಿನ್ನಿನ ಕಬ್ಬಿಣಕ್ಕೆ ಕಚ್ಚಿಸಿದರು. ಒಂದೇ ಸುತ್ತಿಗೆ ಸ್ಟಾರ್ಟ್. ಇಂಜಿನ್ ಕೂತಿರುವುದು ರಬ್ಬರಿನ ಮೇಲೆ. ಅದನ್ನು ಗಾಡಿಯ ಮೈಗೆ ಸೇರಿಸುವ ಹೆಣೆದ ತಾಮ್ರದ ಪಟ್ಟಿ ಹಸಿರುಗಟ್ಟಿ, ಎಳೆ ಎಳೆಯಾಗಿ ಹರಿದಿತ್ತು.

ಲೆಕ್ಕ ಸರಳ. ಸೆಲ್ಫ್ ಮೋಟಾರ್ ತಿರುಗಲು ನೂರಕ್ಕೂ ಹೆಚ್ಚು ಆಂಪಿಯರ್ ಎಳೆಯುತ್ತದೆ. ಸಂಧಿಯಲ್ಲಿ ಒಂದು ಓಮ್‌ನ ಐವತ್ತರಲ್ಲಿ ಒಂದು ಭಾಗ ಅಡ್ಡಿಯಿದ್ದರೂ ಅಲ್ಲೇ ಎರಡು ವೋಲ್ಟ್ ಕರಗಿಹೋಗುತ್ತದೆ. ಅಷ್ಟು ಸಣ್ಣ ಅಡ್ಡಿಯನ್ನು ಸಾಮಾನ್ಯ ಮೀಟರ್ ತೋರಿಸಲಾರದು, ಕಣ್ಣಿಗಂತೂ ಕಾಣದು. ಇನ್ನೂ ಒಂದು ವಿಚಿತ್ರವಿದೆ. ಈ ಪಟ್ಟಿ ಹರಿದಾಗ ಸೆಲ್ಫಿನ ಕರೆಂಟ್ ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್‌ಗಳನ್ನೇ ಹಾದಿ ಮಾಡಿಕೊಳ್ಳುತ್ತದೆ. ಕೇಬಲ್ ಒಳಗೊಳಗೇ ಕಾದು, ಅದರ ಕವಚ ಬೆಂದು ಬಿಗಿಯಾಗುತ್ತದೆ. ಕ್ಲಚ್ ಕೇಬಲ್ ಪದೇ ಪದೇ ಹೋಗುತ್ತಿದೆ ಎಂದು ದೂರುವವರು ಕ್ಲಚ್ಚನ್ನು ಬಿಟ್ಟು ಒಮ್ಮೆ ಅರ್ತ್ ಪಟ್ಟಿ ನೋಡಲಿ.

ಹೆಡ್‌ಲೈಟಿನ ಕಥೆಯೂ ಇದೇ. 60 ವ್ಯಾಟಿನ ಎರಡು ಬಲ್ಬುಗಳು ಹತ್ತು ಆಂಪಿಯರ್ ಎಳೆಯುತ್ತವೆ. ಹಳೇ ಗಾಡಿಗಳಲ್ಲಿ ಅಷ್ಟೂ ಕರೆಂಟ್ ಸ್ಟೀರಿಂಗ್ ಪಕ್ಕದ ಸಣ್ಣ ಸ್ವಿಚ್ಚಿನೊಳಗೇ ಹರಿದು ಹೋಗುವುದುಂಟು. ವಯಸ್ಸಾದ ಸ್ವಿಚ್ಚು, ಸಡಿಲ ಪಿನ್ನು, ಉದ್ದದ ತಂತಿ ಎಲ್ಲ ಸೇರಿ ಒಂದು ವೋಲ್ಟ್ ನುಂಗಿದರೆ ಬೆಳಕಿನ ಕಾಲುಭಾಗ ಮಾಯ. ನುಂಗಿದ್ದೆಲ್ಲ ಶಾಖವಾಗಿ ಸ್ವಿಚ್ಚಿನ ಪ್ಲಾಸ್ಟಿಕ್ ಕರಗುತ್ತದೆ. ಜನ ಮಾಡುವುದೇನು? ಬೆಳಕು ಸಾಲದೆಂದು ನೂರು ವ್ಯಾಟಿನ ಬಲ್ಬ್ ಹಾಕುತ್ತಾರೆ. ಸ್ವಿಚ್ಚಿಗೆ ಬೀಳುವ ಹೊರೆ ಮತ್ತಷ್ಟು ಹೆಚ್ಚುತ್ತದೆ. ಬೇಕಾದದ್ದು ಒಂದು ರಿಲೇ: ಸ್ವಿಚ್ಚು ಅದಕ್ಕೆ ಸನ್ನೆ ಮಾಡುತ್ತದೆ, ದೀಪದ ಕರೆಂಟ್ ಬ್ಯಾಟರಿಯಿಂದ ಫ್ಯೂಸ್ ದಾಟಿ ದಪ್ಪ ತಂತಿಯಲ್ಲಿ ನೇರ ಹೋಗುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಇದರ ಸಿದ್ಧ ಹಾರ್ನೆಸ್ ಸಿಗುತ್ತದೆ. ಅದೇ ಹಳೇ ಬಲ್ಬು ಹೊಸದರಂತೆ ಉರಿಯುವುದನ್ನು ನೋಡುವ ಸಂತೋಷವೇ ಬೇರೆ.

ಸಾಬ್ರ ಕೈಯಲ್ಲಿರುವುದು ಟೆಸ್ಟ್ ಲ್ಯಾಂಪ್. ಒಂದು ಬಲ್ಬು, ಒಂದು ಸೂಜಿ, ಒಂದು ಕ್ಲಿಪ್ಪು, ಅಷ್ಟೇ. ನನ್ನ ಬಳಿ ಒಳ್ಳೆಯ ಡಿಜಿಟಲ್ ಮಲ್ಟಿಮೀಟರ್ ಇದೆ. ಆದರೂ ಹಳೇ ಗಾಡಿಯ ವಿಷಯದಲ್ಲಿ ನನ್ನ ಓಟು ಟೆಸ್ಟ್ ಲ್ಯಾಂಪಿಗೆ. ಮೀಟರ್ ತಂತಿಯಿಂದ ಕರೆಂಟನ್ನು ಎಳೆಯುವುದೇ ಇಲ್ಲ ಎನ್ನಬಹುದು. ತಂತಿಯೊಳಗಿನ ಎಳೆಗಳೆಲ್ಲ ತುಂಡಾಗಿ ಒಂದೇ ಒಂದು ಉಳಿದಿದ್ದರೂ ಅದು ಹನ್ನೆರಡು ವೋಲ್ಟ್ ಎಂದು ಠೀವಿಯಿಂದ ತೋರಿಸುತ್ತದೆ. ಬಲ್ಬು ಹಾಗಲ್ಲ, ಅದಕ್ಕೆ ಉರಿಯಲು ಕರೆಂಟ್ ಬೇಕೇ ಬೇಕು. ಸಂಧಿ ಕೆಟ್ಟಿದ್ದರೆ ಅದು ಕೆಂಪಗೆ ಮಿಣಿಮಿಣಿ ಎಂದು ಗುಟ್ಟು ಬಿಟ್ಟುಕೊಡುತ್ತದೆ. ಕಾರ್ಬೊರೇಟರ್ ಬದಲು ಪೆಟ್ರೋಲ್ ಚಿಮ್ಮಿಸುವ ಎಂಪಿಎಫ್‌ಐ ಗಾಡಿಯವರು ಮಾತ್ರ ಇಸಿಎಂ ಎಂಬ ಇಂಜಿನ್ ಕಂಪ್ಯೂಟರಿಗೆ ಹೋಗುವ ತಂತಿಗಳಿಗೆ ಇದನ್ನು ಚುಚ್ಚಬಾರದು, ಅಲ್ಲಿ ಮೀಟರೇ ಸರಿ.

ಮೀಟರ್ ಬೇಕಾಗುವುದು ಬ್ಯಾಟರಿ ನೋಡಲು. ರಾತ್ರಿಯಿಡೀ ನಿಂತ ಗಾಡಿಯಲ್ಲಿ 12.6 ವೋಲ್ಟ್ ಇದ್ದರೆ ಬ್ಯಾಟರಿ ತುಂಬಿದೆ. 12.2ಕ್ಕೆ ಇಳಿದಿದ್ದರೆ ಅರ್ಧ ಖಾಲಿ. ಇಂಜಿನ್ ಓಡುವಾಗ 13.8ರಿಂದ 14.4ರ ಆಸುಪಾಸು ಇದ್ದರೆ ಆಲ್ಟರ್ನೇಟರ್ ಕೆಲಸ ಮಾಡುತ್ತಿದೆ. ಚಾರ್ಜ್ ಸರಿಯಿದ್ದೂ ನಾಲ್ಕು ದಿನ ನಿಲ್ಲಿಸಿದರೆ ಬ್ಯಾಟರಿ ಇಳಿಯುತ್ತಿದ್ದರೆ ಎಲ್ಲೋ ಸೋರಿಕೆ ಇದೆ. ಓಮ್ನಿಯಂಥ ಗಾಡಿಗೆ ಸಾಮಾನ್ಯವಾಗಿ ಹಾಕುವುದು 35 ಆಂಪಿಯರ್-ಅವರ್ ಬ್ಯಾಟರಿ. ಬಾಗಿಲಿನ ಸ್ವಿಚ್ಚಿನಲ್ಲಿ ಕೆಮ್ಮಣ್ಣು ಕೂತು ಒಳಗಿನ 5 ವ್ಯಾಟ್ ದೀಪ ಆರದೇ ಉಳಿದರೆ ಮೂರೂವರೆ ದಿನಕ್ಕೆ ಅದು ಬರಿದು. ಕೀ ತೆಗೆದು, ಬಾಗಿಲು ಹಾಕಿ, ಮೈನಸ್ ಕೇಬಲ್ ಬಿಚ್ಚಿ ನಡುವೆ ಮೀಟರನ್ನು ಆಂಪಿಯರಿಗೆ ಇಟ್ಟು ಜೋಡಿಸಿ. 50 ಮಿಲಿ ಆಂಪಿಯರಿನೊಳಗಿದ್ದರೆ ನಿಶ್ಚಿಂತೆ. ಹೆಚ್ಚಿದ್ದರೆ ಒಂದೊಂದೇ ಫ್ಯೂಸ್ ಕಿತ್ತು ನೋಡಿ. ಯಾವುದನ್ನು ಕಿತ್ತಾಗ ಅಂಕಿ ದಬಕ್ಕನೆ ಇಳಿಯುತ್ತದೋ ಕಳ್ಳ ಅಲ್ಲಿದ್ದಾನೆ. ಮೀಟರ್ ಹಾಗಿರುವಾಗ ಮರೆತು ಸೆಲ್ಫ್ ಹೊಡೆದರೆ ಮೀಟರಿಗೇ ಶ್ರಾದ್ಧ.

ಕಳ್ಳ ಬಹುಮಟ್ಟಿಗೆ ಸಿಗುವುದು ನಾವೇ ಹಾಕಿಸಿದ ಸಾಮಾನಿನಲ್ಲಿ. ಟೇಪ್ ರೆಕಾರ್ಡರ್, ಹಿಮ್ಮುಖ ಚಲಿಸಿದರೆ ಸಿನಿಮಾ ಹಾಡು ಹೇಳುವ ಹಾರ್ನು, ಸೆಂಟ್ರಲ್ ಲಾಕ್, ನೀಲಿ ದೀಪ. ಇವನ್ನೆಲ್ಲ ಹಾಕುವವನು ಸಿಕ್ಕ ತಂತಿಯ ಸಿಪ್ಪೆ ಸುಲಿದು, ತಿರುಚಿ, ಟೇಪ್ ಸುತ್ತಿ ಹೋಗಿರುತ್ತಾನೆ. ಎರಡು ಬೇಸಿಗೆಗೆ ಟೇಪಿನ ಅಂಟು ಕರಗಿ ಜಾರುತ್ತದೆ. ನಮ್ಮ ಗಾಡಿಯಲ್ಲಿ ಹಿಂದೆಂದೋ ಹಾಕಿಸಿದ್ದ ಸ್ಟೀರಿಯೊದ ತಂತಿ ವೈಪರಿನ ಫ್ಯೂಸಿಗೆ ಜೋತುಬಿದ್ದಿತ್ತು, ಹಾಡು ಜೋರಾದರೆ ವೈಪರ್ ನಿಧಾನ. ಇನ್ನುಳಿದ ಶತ್ರು ಇಲಿ. ಹೊಗೆಸೊಪ್ಪು, ನುಸಿಗುಳಿಗೆ, ಬಗೆಬಗೆಯ ಸ್ಪ್ರೇ ಎಂದು ಎಲ್ಲರೂ ಸಲಹೆ ಕೊಡುತ್ತಾರೆ. ಸೀಟಿನಡಿ ಬಿದ್ದ ಕಡಲೆಬೀಜ ಗುಡಿಸುವುದು, ಗಾಡಿಯನ್ನು ದಿನಕ್ಕೊಮ್ಮೆ ಓಡಿಸುವುದು, ಇವೆರಡರಷ್ಟು ಬೇರೆ ಯಾವುದೂ ಫಲ ಕೊಟ್ಟಿದ್ದು ನಾನು ಕಂಡಿಲ್ಲ.

ಇಂಜಿನ್ ಕಡೆಯ ತೊಂದರೆಗಳು ಇಷ್ಟು ಕಪಟಿಗಳಲ್ಲ. ನಿಂತುಹೋದ ಗಾಡಿಗೆ ಮೊದಲ ಪ್ರಶ್ನೆ ಒಂದೇ: ಕರೆಂಟೋ, ಪೆಟ್ರೋಲೋ? ಘಾಟಿ ಹತ್ತಿ, ಮೇಲೆ ಚಹಾ ಕುಡಿದು ಬಂದರೆ ಸ್ಟಾರ್ಟ್ ಆಗುವುದಿಲ್ಲ, ಅರ್ಧ ಗಂಟೆ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಆಗುತ್ತದೆ. ಓಡುವಾಗ ಗಾಳಿ ಸಿಗುತ್ತಿದ್ದ ಇಂಜಿನ್ ನಿಂತ ಮೇಲೆ ಇನ್ನಷ್ಟು ಕಾಯುತ್ತದೆ; ಪಂಪಿನಲ್ಲೋ ಕಾರ್ಬೊರೇಟರಿನಲ್ಲೋ ಪೆಟ್ರೋಲ್ ಆವಿಯಾಗುತ್ತದೆ. ಪಂಪಿಗೆ ಒದ್ದೆ ಬಟ್ಟೆ ಸುತ್ತುವ ಹಳೇ ಉಪಾಯ ಈಗಲೂ ನಡೆಯುತ್ತದೆ. ಆದರೆ ಕಾದ ಇಗ್ನಿಷನ್ ಕಾಯಿಲ್ ಕೂಡ ಥೇಟ್ ಹೀಗೇ ಮಾಡುತ್ತದೆ. ಆದ್ದರಿಂದ ರೋಗಿ ಮಲಗಿರುವಾಗಲೇ ಪ್ಲಗ್ಗಿನಲ್ಲಿ ಕಿಡಿ ಬರುತ್ತಿದೆಯೇ ನೋಡಬೇಕು. ತಣ್ಣಗಾದ ಮೇಲೆ ಗ್ಯಾರೇಜಿಗೆ ಒಯ್ದರೆ ಮೆಕ್ಯಾನಿಕ್ ‘ಏನೂ ಇಲ್ವಲ್ಲ ಸರ್’ ಎಂದೇ ಹೇಳುತ್ತಾನೆ, ಅವನ ತಪ್ಪೂ ಅಲ್ಲ.

ಮಿಸ್ಸಿಂಗ್ ಹಿಡಿಯುವುದು ಇನ್ನೂ ಸುಲಭ. ಓಡುತ್ತಿರುವ ಇಂಜಿನ್ನಿನ ಪ್ಲಗ್ ಕ್ಯಾಪನ್ನು ಇನ್ಸುಲೇಷನ್ ಇರುವ ಇಕ್ಕುಳದಿಂದ ಒಂದೊಂದಾಗಿ ಎತ್ತಿ. ಎತ್ತಿದಾಗ ಇಂಜಿನ್ ನಡುಗಿದರೆ ಆ ಸಿಲಿಂಡರ್ ದುಡಿಯುತ್ತಿತ್ತು. ಎತ್ತಿದರೂ ವ್ಯತ್ಯಾಸವಾಗದಿದ್ದರೆ ಸೋಮಾರಿ ಅದೇ. ಮಳೆಗಾಲದಲ್ಲಿ ಡಿಸ್ಟ್ರಿಬ್ಯೂಟರ್ ಕ್ಯಾಪಿನೊಳಗೆ ತೇವ ಕೂತು ಮಿಸ್ಸಿಂಗ್ ಬರುವುದುಂಟು, ಒಣಬಟ್ಟೆಯಿಂದ ಒರೆಸಿದರೆ ಸಾಕು.

ಎಚ್ಚರ ಬೇಕಾದ್ದು ನೀರಿನ ವಿಷಯದಲ್ಲಿ. ಕಾದ ಗಾಡಿಯ ಟೆಂಪರೇಚರ್ ಮುಳ್ಳು ಇದ್ದಕ್ಕಿದ್ದಂತೆ ಕೆಳಗಿಳಿದರೆ ಖುಷಿಪಡಬೇಡಿ. ನೀರು ಪೂರ್ತಿ ಹೋಗಿ ಸೆನ್ಸರ್ ಬರೀ ಗಾಳಿಯಲ್ಲಿ ನಿಂತಿರುವ ಸಾಧ್ಯತೆಯಿದೆ. ಅಲ್ಲಿಂದ ಒಂದು ಮೈಲಿ ಓಡಿಸಿದರೂ ಹೆಡ್ ಡೊಂಕಾಗಿ ಗ್ಯಾಸ್ಕೆಟ್ ಹಾರಬಹುದು.

ಈಚೆಗೆ ಸೇರಿಕೊಂಡ ಹೊಸ ತಲೆನೋವು ಎಥನಾಲ್. ಈಗ ಬಂಕುಗಳಲ್ಲಿ ಸಿಗುವುದು ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. 2023ರ ಏಪ್ರಿಲಿನಿಂದ ಬಂದ ಗಾಡಿಗಳ ಪೈಪು-ವಾಷರುಗಳನ್ನು ಅದಕ್ಕೆ ಹೊಂದುವಂತೆ ಮಾಡಿದ್ದಾರೆ, ನಮ್ಮವನ್ನಲ್ಲ. ಎಥನಾಲಿಗೆ ಹಳೇ ರಬ್ಬರ್ ಉಬ್ಬುತ್ತದೆ, ಬಿರಿಯುತ್ತದೆ. ಗಾಡಿ ತಿಂಗಳುಗಟ್ಟಲೆ ನಿಂತರೆ ಎಥನಾಲ್ ಗಾಳಿಯ ತೇವವನ್ನೂ ಹೀರಿಕೊಳ್ಳುತ್ತದೆ. ಲೀಟರೊಂದರಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಕಡಿಮೆ ಶಕ್ತಿಯಿರುವುದರಿಂದ ಮೈಲೇಜೂ ಸ್ವಲ್ಪ ಇಳಿಯುತ್ತದೆ. ಎಂಪಿಎಫ್‌ಐ ತಾನೇ ಹೊಂದಿಕೊಳ್ಳಲು ನೋಡುತ್ತದೆ, ಕಾರ್ಬೊರೇಟರಿಗೆ ಆ ಬುದ್ಧಿಯಿಲ್ಲ. ಟ್ಯಾಂಕಿನಿಂದ ಕಾರ್ಬೊರೇಟರಿನವರೆಗಿನ ರಬ್ಬರ್ ಪೈಪುಗಳನ್ನೆಲ್ಲ ಎಥನಾಲ್ ತಡೆಯುವ ಪೈಪಿಗೆ ಬದಲಿಸಿ, ಕ್ಲಿಪ್ಪನ್ನೂ ಹೊಸದು ಹಾಕಿಸಿ. ಸೀಟಿನಡಿ ಕಾದ ಇಂಜಿನ್ ಇಟ್ಟುಕೊಂಡವರು ಪೆಟ್ರೋಲ್ ವಾಸನೆ ಬಂದರೆ ‘ನಾಳೆ ನೋಡೋಣ’ ಎನ್ನಬಾರದು. ಸಂಧಿ ಉಜ್ಜಿದರಾಯಿತು ಎಂಬ ನನ್ನ ಮಾತು ನಡೆಯದ ಜಾಗ ಇದು. ಇಲ್ಲಿ ಸಾಮಾನನ್ನೇ ಬದಲಿಸಬೇಕು, ಕೆಡುವ ಮೊದಲೇ. ಟೈಮಿಂಗ್ ಬೆಲ್ಟಿಗೂ ಇದೇ ನಿಯಮ.

ರಿಪೇರಿಯ ಜೊತೆಗೆ ಕಾಗದಪತ್ರದ ಖರ್ಚೂ ಇದೆ: ಗಾಡಿಗೆ ಹದಿನೈದು ವರ್ಷವಾದ ಮೇಲೆ ಐದೈದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣ. 2022ರ ಏಪ್ರಿಲಿನಲ್ಲಿ ಕಾರಿನ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು, 2025ರ ಆಗಸ್ಟಿನಲ್ಲಿ ಇಪ್ಪತ್ತು ವರ್ಷ ದಾಟಿದವಕ್ಕೆ 10,000 ಆಯಿತು. ಆ ದುಡ್ಡು ಕಟ್ಟುವ ಮೊದಲು ಗಾಡಿಯನ್ನು ಲಿಫ್ಟಿಗೆ ಏರಿಸಿ, ದೊಡ್ಡ ಸ್ಕ್ರೂಡ್ರೈವರ್ ಹಿಡಿದು ಅಡಿಗೆ ಹೋಗಿ. ಜಾಕ್ ಕೊಡುವ ಜಾಗ, ಹಿಂದಿನ ಸ್ಪ್ರಿಂಗ್ ಪ್ಲೇಟ್ ಕಟ್ಟಿನ ಕೊಂಡಿಗಳು, ಸೀಟ್ ಬೆಲ್ಟ್ ಬೋಲ್ಟು ಕೂರುವ ನೆಲ, ಇಷ್ಟನ್ನು ಒತ್ತಿ ನೋಡಿ. ಮೇಲಿನ ಬಣ್ಣದ ಗುಳ್ಳೆ ಲೆಕ್ಕಕ್ಕಿಲ್ಲ. ಆದರೆ ಈ ಜಾಗಗಳಲ್ಲಿ ಸ್ಕ್ರೂಡ್ರೈವರ್ ಒಳಗಿಳಿದರೆ ನಾನೂ ನಿಮ್ಮ ಮನೆಯವರ ಪಕ್ಷ. ತೇಪೆ ಬೆಸುಗೆ ಹಾಕಿಸಿ ಇನ್ಯಾರ ಕೊರಳಿಗೋ ಕಟ್ಟಬೇಡಿ. ಗುಜರಿಗೆ ಕೊಡಿ, ಆರ್‌ಸಿ ರದ್ದು ಮಾಡಿಸಿ. ಕೊಡುವ ಮುನ್ನ ಒಳ್ಳೆಯ ಡಿಸ್ಟ್ರಿಬ್ಯೂಟರೋ ಆಲ್ಟರ್ನೇಟರೋ ಇದ್ದರೆ ಊರಿನ ಎಲೆಕ್ಟ್ರಿಷಿಯನ್ ಕಿವಿಗೆ ಹಾಕಿ. ಅದಕ್ಕಾಗಿ ಕಾಯುತ್ತಿರುವ ಓಮ್ನಿ ಯಾವುದೆಂದು ಅವರಿಗೆ ಗೊತ್ತಿರುತ್ತದೆ.